ಡಬ್ಬಿ, ನಾಯಿ ಮತ್ತು ಊರಾಚೆಯ ಕಲ್ಲು

ಕಳೆದ ದಸರಾ ರಜೆಯಲ್ಲಿ ನಾನು ಒಂದು ನಾಯಿಯನ್ನು ಜೊತೆಗೆ ಕರೆದುಕೊಂಡು, ಎರಡೂವರೆ ಮೈಲಿ ನಡೆದು, ಒಂದು ಬಂಡೆಯ ಸಂದಿಯಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹೊರಗೆ ತೆಗೆದೆ. ಅದರೊಳಗೆ ಒಂದು ಪುಟ್ಟ ನೋಟುಪುಸ್ತಕ, ಮೊನೆ ಮುರಿದ ಪೆನ್ಸಿಲು, ಎರಡು ಗೋಲಿ, ಒಂದು ರಬ್ಬರಿನ ಆನೆ, ಯಾವುದೋ ಪರದೇಶದ ನಾಣ್ಯ, ಇಷ್ಟೇ ಇದ್ದುವು. ನೋಟುಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಕಡೆಯೇ ಇಟ್ಟು, ಮತ್ತೆ ಎರಡೂವರೆ ಮೈಲಿ ನಡೆದು ಮನೆಗೆ ಬಂದೆ. ಈ ಸಾಹಸವನ್ನು ಹಾಸ್ಟೆಲಿನಲ್ಲಿ ವರ್ಣಿಸಿದಾಗ ಮಿತ್ರನೊಬ್ಬ, "ಅಲ್ಲಯ್ಯಾ, ಕೊನೆಗೆ ಆ ಡಬ್ಬಿಯನ್ನಾದರೂ ಮನೆಗೆ ತರಬಾರದಿತ್ತೇ? ಉಪ್ಪಿನಕಾಯಿ ಹಾಕಿಡಲು ಬರುತ್ತಿತ್ತು" ಎಂದ. ಅವನ ಮಾತಿನಲ್ಲಿ ವ್ಯವಹಾರಜ್ಞಾನವಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಈ ಆಟಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ನಾಮಕರಣ ಮಾಡಿದವರನ್ನು ನಾನು ಕಾಣೆ. ನಮ್ಮ ಮಟ್ಟಿಗೆ 'ಡಬ್ಬಿಯಾಟ' ಎಂದರೆ ಸಾಕು. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಅಮೆರಿಕದವರ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿರುವುದನ್ನು ಎಲ್ಲರೂ ಬಲ್ಲರು. ಅವು ಕಳುಹಿಸುವ ಸಂಕೇತವನ್ನು ಹಿಡಿದು ನಮ್ಮ ಕೈಯ ಉಪಕರಣ ನಾವು ಎಲ್ಲಿದ್ದೇವೆಂಬುದನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ನಾಲ್ಕು ಉಪಗ್ರಹಗಳಾದರೂ ಕಾಣಿಸಬೇಕು. ಮೂರು ಸ್ಥಳಕ್ಕಾಗಿ, ನಾಲ್ಕನೆಯದು ನಮ್ಮ ಉಪಕರಣದ ಗಡಿಯಾರ ಸುಳ್ಳು ಹೇಳುವುದನ್ನು ತಿದ್ದುವುದಕ್ಕಾಗಿ. ಹಿಂದೆ ಅಮೆರಿಕದ ಸರ್ಕಾರ ತನ್ನ ಸೈನ್ಯಕ್ಕೆ ಮಾತ್ರ ಶುದ್ಧವಾದ ಸಂಕೇತವನ್ನಿಟ್ಟುಕೊಂಡು, ಉಳಿದ ಲೋಕಕ್ಕೆ ಬೇಕೆಂದೇ ಕೆಡಿಸಿದ ಸಂಕೇತವನ್ನು ಕೊಡುತ್ತಿತ್ತು. ಆಗ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. 2000ದ ಮೇ 2ರಂದು ಅಧ್ಯಕ್ಷ ಕ್ಲಿಂಟನ್ ಅವರ ಆಜ್ಞೆಯಂತೆ ಆ ಕೆಡಿಸುವಿಕೆ ನಿಂತಿತು. ಮಾರನೆಯ ದಿನವೇ ಆರೆಗನ್ ಸಂಸ್ಥಾನದಲ್ಲಿ ಡೇವ್ ಅಲ್ಮರ್ ಎಂಬಾತ ಬೀವರ್‌ಕ್ರೀಕಿನ ಹತ್ತಿರದ ಕಾಡಿನಲ್ಲಿ ಒಂದು ಬಕೆಟ್ಟನ್ನು ಅಡಗಿಸಿ, ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆಲ್ಲ ಸಾರಿ, ಸಾಧ್ಯವಾದರೆ ಹುಡುಕಿರೆಂದ. ಬಕೆಟ್ಟಿನಲ್ಲಿದ್ದ ಐಶ್ವರ್ಯದಲ್ಲಿ ಒಂದು ಡಬ್ಬ ಹುರುಳಿಕಾಯಿ ಬೀಜವೂ ಸೇರಿತ್ತು. ಕೆಲವೇ ದಿನಗಳಲ್ಲಿ ಅದು ಸಿಕ್ಕಿಯೂ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಈ ಆಟಕ್ಕೆಂದೇ ಜಾಲತಾಣವೂ ಆಯಿತು. ಇಂದು ಪ್ರಪಂಚದಲ್ಲಿ ಇಂಥ ಡಬ್ಬಿಗಳು ಸುಮಾರು 30 ಲಕ್ಷ ಇವೆಯಂತೆ. ಆಟದ ಹಟ ಮಾತ್ರ ಹಳೆಯದೇ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿಯೇ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಕೊಳದ ಬಳಿ ಒಂದು ಸೀಸೆಯನ್ನಿಟ್ಟು, ಅಷ್ಟು ದೂರ ನಡೆದುಬಂದವರು ತಮ್ಮ ವಿಳಾಸದ ಚೀಟಿಯನ್ನು ಅದರಲ್ಲಿ ಹಾಕುವ ಪದ್ಧತಿಯನ್ನು ತೊಡಗಿಸಿದ್ದ.

ನನಗೆ ಇದನ್ನು ಹತ್ತಿಸಿದವರು ನಮ್ಮ ಸೋದರಮಾವನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಭಾವ. ಹಬ್ಬಕ್ಕೆ ಊರಿಗೆ ಬಂದವರು ಮೊಬೈಲಿನಲ್ಲಿ ನಕ್ಷೆ ತೆರೆದು, "ನೋಡೋ, ನಿಮ್ಮೂರ ಕರೇಕಲ್ಲು ಗುಡ್ಡದಲ್ಲೂ ಒಂದಿದೆ" ಎಂದರು. ನಾನು ಹುಟ್ಟಿ ಬೆಳೆದ ಊರು. ಆ ಗುಡ್ಡದಲ್ಲಿ ಸೀತಾಫಲ ಕೀಳದ ವರ್ಷವಿಲ್ಲ. ಅಲ್ಲಿ ನನಗೆ ತಿಳಿಯದ ವಸ್ತುವೊಂದು ಇದೆಯೆಂಬುದು ನನಗೆ ಅವಮಾನವಾಗಿ ತೋರಿತು. ಭಾವ ಹೊಸ ಬೂಟು ಹಾಳಾಗುವುದೆಂದು ಜೊತೆಗೆ ಬರಲೊಪ್ಪಲಿಲ್ಲ. ಆದ್ದರಿಂದ ಕೆಂಚನನ್ನು ಕರೆದುಕೊಂಡು ಹೊರಟೆ.

ಕೆಂಚ ನಮ್ಮ ಮನೆಯ ನಾಯಿಯೆನ್ನುವುದು ಅರ್ಧಸತ್ಯ. ಬೆಳಿಗ್ಗೆ ನಮ್ಮ ಮನೆಯ ಮುದ್ದೆಯ ಚೂರು, ಮಧ್ಯಾಹ್ನ ಎದುರುಮನೆಯ ಅನ್ನ, ರಾತ್ರಿ ಹಾಲಿನ ಡೈರಿಯ ಜಗಲಿ, ಹೀಗೆ ಅವನ ಸಂಸಾರ ಊರಿಗೆಲ್ಲ ಹಂಚಿಹೋಗಿದೆ. ಜಾತಿಯ ನಾಯಿಯಲ್ಲ. ಆದರೆ ನಡೆಯುವುದರಲ್ಲಿ ಅವನನ್ನು ಮೀರಿಸುವವರನ್ನು ನಾನು ನೋಡಿಲ್ಲ.

ಊರು ದಾಟುವುದರೊಳಗೆ ನನಗಿದ್ದ ಇಬ್ಬರು ಮಾರ್ಗದರ್ಶಕರಿಗೂ ಭಿನ್ನಾಭಿಪ್ರಾಯ ಬಂದಿತು. ಮೊಬೈಲಿನ ಬಾಣ ನೆಟ್ಟಗೆ ಈಶಾನ್ಯಕ್ಕೆ ನಿಂತಿತ್ತು. ಅದು ತೋರಿಸಿದ ದಾರಿಯಲ್ಲಿ ನಡೆಯಬೇಕಾದರೆ ತೆನೆ ಬಂದು ನಿಂತಿದ್ದ ಮೂವರ ರಾಗಿಹೊಲವನ್ನು ತುಳಿಯಬೇಕಾಗಿತ್ತು. ರಾಗಿ ತೆನೆಗಟ್ಟಿದಾಗ ಹೊಲಕ್ಕೆ ಅಡ್ಡ ಬೀಳುವವನನ್ನು ನಮ್ಮ ಕಡೆ ಏನೆಂದು ಬಯ್ಯುತ್ತಾರೆಂಬುದನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಾರೆ. ಕೆಂಚನಾದರೋ ಬದುವಿನ ಮೇಲೆ ಹೋಗಿ, ಕೆರೆ ಏರಿ ಹತ್ತಿ, ತೂಬಿನ ಬಳಿ ನೀರು ಕುಡಿದು, ಗುಂಡುತೋಪಿನ ನೆರಳನ್ನು ಹಿಡಿದು, ಊರಿನ ದನ ಹೋಗುವ ದಾರಿಯಲ್ಲಿಯೇ ನಡೆದ. ನಾನೂ ಅವನ ಹಿಂದೆಯೇ ನಡೆದೆ. ಬಾಣ ಮಾತ್ರ ನಾವು ಕೆಟ್ಟೆವೆಂದು ಆಗಾಗ ತಿರುಗಿ ತಿರುಗಿ ಹೇಳುತ್ತಿತ್ತು.

ಏಕಾಂಗಿಯಾಗಿ ನಡೆದರೆ ನನ್ನಂಥವನು ಕಾಲನ್ನು ಮರೆತು ಪರೀಕ್ಷೆಯನ್ನೋ ಸಾಲವನ್ನೋ ಚಿಂತಿಸುತ್ತ ಹೋಗುತ್ತಾನೆ. ನಾಯಿ ಜೊತೆಗಿದ್ದರೆ ಅದು ಸಾಧ್ಯವಿಲ್ಲ. ಅವನು ನಿಂತಲ್ಲಿ ನಾವೂ ನಿಲ್ಲಬೇಕು. ನಿಂತಾಗ ಏನಾದರೊಂದು ಕಣ್ಣಿಗೆ ಬೀಳುತ್ತದೆ. ಲಂಟಾನದ ಪೊದೆಯಿಂದ ಗೌಜಲಿನ ಜೋಡಿಯೊಂದು ಸದ್ದು ಮಾಡಿ ಎದ್ದಾಗ ಕೆಂಚನಿಗಿಂತ ನಾನೇ ಹೆಚ್ಚು ಬೆದರಿದೆ. ತಂಗಡಿಯ ಹೂ ಹಳದಿಯಾಗಿ ಕವಿದಿತ್ತು. ನಾನು ಚಿಕ್ಕವನಾಗಿದ್ದಾಗ ಜಾಲಿಯಿದ್ದ ಕಡೆ ಈಗ ನೀಲಗಿರಿ ಸಾಲಾಗಿ ನಿಂತಿದೆ. ಅದರೊಳಗೆ ಹಕ್ಕಿಯ ಸದ್ದಿಲ್ಲ, ಕೆಂಚನಿಗೆ ಮೂಸಲೂ ಏನೂ ಸಿಗಲಿಲ್ಲ. ಆ ತೋಪನ್ನು ಅವನು ತಲೆ ತಗ್ಗಿಸಿಕೊಂಡು ಬೇಗ ದಾಟಿಬಿಟ್ಟ.

ಗುಡ್ಡದ ಬುಡದಲ್ಲಿ ಗೋಮಾಳ. ಅಲ್ಲಿ ಆಡು ಕುರಿ ಮೇಯುತ್ತಿದ್ದುದರಿಂದ ಸೊಂಟದ ಟವಲನ್ನು ಬಿಚ್ಚಿ ಕೆಂಚನ ಕೊರಳಿಗೆ ಕಟ್ಟಿ ಹಿಡಿದುಕೊಂಡೆ. ಉಪಕರಣ '6 ಮೀಟರು' ಎಂದಿತು, ನಾಲ್ಕು ಹೆಜ್ಜೆ ಇಟ್ಟರೆ '11 ಮೀಟರು' ಎಂದಿತು. ಬಯಲಿನಲ್ಲಿ ಮೊಬೈಲು ಐದು ಮೀಟರಿನವರೆಗೆ ಸರಿ ಹೇಳುವುದುಂಟು; ದೊಡ್ಡ ಬಂಡೆಗಳ ನಡುವೆ ಸಂಕೇತ ಬಂಡೆಗೆ ತಾಕಿ ಬರುವುದರಿಂದ ಅದಕ್ಕೂ ದಿಗ್ಭ್ರಮೆಯಾಗುತ್ತದೆ. ನಾನು ಬಗ್ಗಿ, ಕೂತು, ಸಂದಿಸಂದಿಗೂ ಕಡ್ಡಿ ಹಾಕಿ ನೋಡುತ್ತಿದ್ದೆ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ, ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹೊದ್ದು ಹಿಂದೆ ನಿಂತಿದ್ದ.

"ಯಾವೂರಪ್ಪಾ?" ಎಂದ. ನಮ್ಮ ಅಜ್ಜನ ಹೆಸರು ಹೇಳಿದೆ. ಮುಖ ಸ್ವಲ್ಪ ಸಡಿಲಾಯಿತು.

"ಏನ್ ಹುಡುಕ್ತಾ ಇದ್ದೀಯ?"

"ಒಂದು ಡಬ್ಬಿ ತಾತ."

"ಡಬ್ಬೀಲಿ ಏನೈತೆ?"

"ಅಂಥಾದ್ದೇನೂ ಇರಲ್ಲ ತಾತ."

"ಏನೂ ಇಲ್ದಿರೋ ಡಬ್ಬೀನ ಹುಡುಕಾಕೆ ನಾಯಿ ಕಟ್ಕೊಂಡು ಬಂದಿದ್ದೀಯ?" ಎಂದವನು ಕೋಲನ್ನು ನೆಲಕ್ಕೂರಿ ಅಲ್ಲಿಯೇ ಕುಳಿತುಬಿಟ್ಟ. ನಾನು ಹೋಗುವವರೆಗೆ ಅವನು ಏಳುವುದಿಲ್ಲವೆಂಬುದು ಸ್ಪಷ್ಟವಾಯಿತು.

ಅವನ ಸಂಶಯಕ್ಕೆ ಕಾರಣವಿಲ್ಲದಿಲ್ಲ. ನಮ್ಮ ನಾಡಿನಲ್ಲಿ ಊರಾಚೆಯ ಹಳೆಯ ಕಲ್ಲಿನ ಸುತ್ತ ಅಪರಿಚಿತನೊಬ್ಬ ಸುಳಿದಾಡಿದರೆ ಜನ ನೆನೆಯುವುದು ನಿಧಿಗಳ್ಳರನ್ನು. ವೀರಗಲ್ಲಿನ ಕೆಳಗೆ ಹೊನ್ನಿದೆ, ಬಸವನ ಹೊಟ್ಟೆಯಲ್ಲಿ ವಜ್ರವಿದೆ ಎಂದು ನಂಬಿ, ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕುಂಕುಮಗಳೊಡನೆ ಬಂದು ಅಗೆಯುವವರು ಇಂದಿಗೂ ಇದ್ದಾರೆ. ನೆಲದಡಿಯಲ್ಲಿ 10 ರೂಪಾಯಿಗೆ ಮೀರಿದ ನಿಕ್ಷೇಪ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನು ಬಂದಿತ್ತು. ಕಾನೂನು ಹಗಲು ಓದುವವರಿಗೆ, ಅಗೆಯುವುದು ರಾತ್ರಿ. ಡಬ್ಬಿಯಾಟದ ನಿಯಮದಲ್ಲಿ ಡಬ್ಬಿಯನ್ನು ಹೂಳಕೂಡದು, ನೆಲದ ಒಡೆಯನ ಅಪ್ಪಣೆಯಿಲ್ಲದೆ ಇಡಕೂಡದು ಎಂದು ಸ್ಪಷ್ಟವಾಗಿಯೇ ಇದೆ. ಆದರೆ ಆ ನಿಯಮವನ್ನು ತಾತನಿಗೆ ಯಾರು ಓದಿ ಹೇಳಿದ್ದರು?

ಡಬ್ಬಿ ಸಿಕ್ಕಿತು. ಅದನ್ನು ಮೇಲೆ ಹೇಳಿದ್ದೇನೆ. ಅದರಲ್ಲಿ ಹೆಚ್ಚು ಸ್ವಾರಸ್ಯವಿಲ್ಲ. ನಿಜವಾದ ಲಾಭ ಹಿಂದಿರುಗುವಾಗ ಕೆಂಚನಿಂದ ಆಯಿತು. ಟವಲು ಬಿಚ್ಚಿದೊಡನೆ ಅವನು ಓಡಿ, ಕಾರೆಪೊದೆಯ ಮಗ್ಗುಲಲ್ಲಿದ್ದ ಒಂದು ಚಪ್ಪಡಿಗೆ ಕಾಲೆತ್ತಿ ತನ್ನ ರುಜು ಹಾಕಿದ. ಒದ್ದೆಯಾದ ಕಡೆ ಕಲ್ಲಿನ ಧೂಳು ತೊಳೆದುಹೋಗಿ, ಹಸುವಿನ ಕೊಂಬಿನಂತಹುದೊಂದು ಕಾಣಿಸಿತು. ಪೊದೆ ಸರಿಸಿ ನೋಡಿದರೆ ವೀರಗಲ್ಲು! ಕೆಳಗಿನ ಅಂತಸ್ತಿನಲ್ಲಿ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದ ವೀರ. ನಡುವೆ ಅವನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ಅದೇ ವೀರ. ಅಕ್ಷರವಿಲ್ಲ. ಯಾರದೋ ದನಗಳನ್ನು ಬಿಡಿಸಲು ಹೋಗಿ ಸತ್ತವನು. ಇಪ್ಪತ್ತು ವರ್ಷ ಅದರ ಪಕ್ಕದಲ್ಲಿಯೇ ಸೀತಾಫಲ ತಿಂದು ಬೀಜ ಉಗುಳಿದ್ದೆ.

ಕಾಲೇಜು ಆರಂಭವಾದ ಮೇಲೆ ಇತಿಹಾಸದ ಮೇಷ್ಟರಿಗೆ ಚಿತ್ರ ತೋರಿಸಿ, ನಾಯಿ ಮಾಡಿದ ಅಪಚಾರವನ್ನೂ ಸಂಕೋಚದಿಂದಲೇ ಅರಿಕೆ ಮಾಡಿದೆ. ಅವರು ನಕ್ಕು, "ನಾಯಿಗೆ ಆ ಅಧಿಕಾರ ಇದೆಯಪ್ಪಾ" ಎಂದು ಆತಕೂರಿನ ಶಾಸನದ ಕಥೆ ಹೇಳಿದರು. ಮದ್ದೂರಿನ ಕಡೆಯ ಆ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲ. ಬೂತುಗನ ಭಟನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ ಒಡೆಯ 'ಬೇಕಾದ್ದನ್ನು ಕೇಳು' ಎಂದಾಗ, ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತುವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಹೋರಾಡುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆ ಕೇಳಿದ ಮೇಲೆ ಕೆಂಚನ ವಿಷಯದಲ್ಲಿ ನನಗೆ ಗೌರವ ಹೆಚ್ಚಿತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ನಾನು ಮಾಡಿದ ಕೆಲಸವನ್ನು ಹೇಳಬೇಕು. ಅದಕ್ಕಾಗಿಯೇ ಈ ಲೇಖನ.

ಡಬ್ಬಿ ಸಿಕ್ಕಿದ ವಾರ್ತೆಯನ್ನು ಆಟದ ತಾಣದಲ್ಲಿ ಬರೆಯುವುದು ವಾಡಿಕೆ. ನಾನು ಬರೆದೆ. ಉತ್ಸಾಹದಲ್ಲಿ ವೀರಗಲ್ಲಿನ ಚಿತ್ರವನ್ನೂ ಹಾಕಿದೆ. ಅದರ ಅಕ್ಷಾಂಶ ರೇಖಾಂಶಗಳನ್ನೂ ಮಿನಿಟಿನ ಮೂರನೆಯ ದಶಮಾಂಶದವರೆಗೆ ಕೊಟ್ಟೆ. ಆ ಮೂರನೆಯ ಅಂಕಿಯಲ್ಲಿ ಒಂದು ಹೆಚ್ಚುಕಡಮೆಯಾದರೆ ನೆಲದ ಮೇಲೆ ಎರಡು ಮೀಟರಿಗಿಂತ ಕಡಮೆಯ ಅಂತರ. ಭೂಗೋಳದ ವಿದ್ಯಾರ್ಥಿಯೆಂಬ ಜಂಬವೂ ಅದರಲ್ಲಿತ್ತು. 'ಯಾರಿಗೂ ತಿಳಿಯದ ಪುರಾತನ ಶಿಲ್ಪ' ಎಂದು ತಲೆಬರಹ ಕೊಟ್ಟಿದ್ದೆ. ಹಲವರು ಮೆಚ್ಚಿದರು. ಅದೇ ಚಿತ್ರವನ್ನು ಬೇರೆ ಕಡೆಯೂ ಹಂಚಿದರು.

ಸಂಕ್ರಾಂತಿಗೆ ಊರಿಗೆ ಹೋದಾಗ ಕೆಂಚನೊಡನೆ ಮತ್ತೆ ಗುಡ್ಡಕ್ಕೆ ಹೋದೆ. ಪೊದೆಯನ್ನು ಕಡಿದು ಹಾಕಿದ್ದರು. ವೀರಗಲ್ಲಿನ ಬುಡದಲ್ಲಿ ಮೊಣಕಾಲು ಆಳದ ಗುಂಡಿ. ಕಲ್ಲು ಮುಂದಕ್ಕೆ ವಾಲಿ ಹಿಂದಿನ ಬಂಡೆಯೊಂದರ ಆಧಾರವೂ ತಪ್ಪಿ ನಿಂತಿತ್ತು. ಗುಂಡಿಯಲ್ಲಿ ಒಣಗಿದ ನಿಂಬೆಹಣ್ಣಿನ ಹೋಳು, ಕುಂಕುಮ, ತೆಂಗಿನ ಚಿಪ್ಪು. ಕೆಂಚ ಚಿಪ್ಪನ್ನು ಮೂಸಿ ಹಿಂದಕ್ಕೆ ಸರಿದ.

ತಾತ ಅಲ್ಲಿಯೇ ಇದ್ದ. ನನ್ನನ್ನು ಬಯ್ಯಲಿಲ್ಲ. "ನೀನ್ ಬಂದೋದ್ಮೇಲೆ ಎರಡು ಅಮಾಸೆ ಕಳೀತು. ಮೂರನೇದಕ್ಕೆ ಹಿಂಗಾಯ್ತು" ಎಂದ. ಅಷ್ಟೇ.

ನನ್ನ ಅಂಕಿಗಳನ್ನು ಓದಿಯೇ ಅವರು ಬಂದರೆಂದು ಹೇಳಲು ಆಧಾರವಿಲ್ಲ. ಈ ಮಾತನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಅದು ಸಮಾಧಾನ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ಹಾಸ್ಟೆಲಿನ ಮಿತ್ರನಂತೂ, "ನಿಧಿಗಳ್ಳರಿಗೆ ನಿನ್ನ ಉಪಗ್ರಹ ಬೇಕೇನಯ್ಯಾ? ಅವರು ನೂರು ವರ್ಷದಿಂದ ಅದಿಲ್ಲದೆಯೇ ಅಗೆಯುತ್ತಿದ್ದಾರೆ" ಎನ್ನುತ್ತಾನೆ. ಮೇಷ್ಟರ ವಾದ ಇನ್ನೂ ತೂಕದ್ದು. ಯಾರಿಗೂ ತಿಳಿಯದೆ ಇರುವ ಕಲ್ಲು ಕ್ಷೇಮವಾಗಿದೆಯೆಂದು ತಿಳಿಯಬೇಡ, ಅದು ಚಪ್ಪಡಿಯಾಗಿ ಮೋರಿಗೆ ಬೀಳುತ್ತದೆ, ರಸ್ತೆಗೆ ಜಲ್ಲಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಉಳಿದು ಇಂದು ಮಂಟಪದಲ್ಲಿ ನಿಂತಿರುವುದು ಜನಕ್ಕೆ ಅದರ ವಿಷಯ ತಿಳಿದುದರಿಂದಲೇ. ಮಿಥಿಕ್ ಸೊಸೈಟಿಯವರು ಆ ಪ್ರಾಂತದ ಶಾಸನಗಳ ಮೂರು ಆಯಾಮದ ಚಿತ್ರ ತೆಗೆದಿಡುತ್ತಿರುವುದೂ, ಹಿಂದೆ ಓದಿದ್ದ ಎಷ್ಟೋ ಕಲ್ಲುಗಳು ಈಗ ಕಾಣೆಯಾಗಿರುವುದರಿಂದಲೇ. "ರೈಸ್ ಸಾಹೇಬರು 1886ರಿಂದ ಎಪಿಗ್ರಾಫಿಯ ಕರ್ಣಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು, ಊರುವಾರು ಪ್ರತಿಯೊಂದು ಶಾಸನವೂ ಎಲ್ಲಿದೆಯೆಂದು ಅಚ್ಚು ಹಾಕಿಸಿದರಲ್ಲ, ಅದು ತಪ್ಪೇ?" ಎಂದು ಅವರು ಕೇಳಿದರು.

ಮೇಷ್ಟರ ಮುಂದೆ ನಾನು ಸುಮ್ಮನಾದೆ. ಆದರೆ ಗ್ರಂಥಾಲಯಕ್ಕೆ ಹೋಗಿ ಆ ಸಂಪುಟವನ್ನು ತೆರೆದು ನೋಡಿದಾಗ ಒಂದು ವಿಷಯ ಹೊಳೆಯಿತು. ಅದನ್ನು ವಾಚಕರ ಮುಂದಿಡುತ್ತೇನೆ, ತಪ್ಪಿದ್ದರೆ ತಿದ್ದಬೇಕು. ರೈಸರು ಕೊಡುವ ವಿಳಾಸ ಇಂಥ ಊರಿನ ಇಂಥ ಗುಡಿಯ ಮುಂದೆ, ಇಂಥ ದಿಕ್ಕಿನ ಹೊಲದಲ್ಲಿ ಎಂಬ ರೀತಿಯದು. ಆ ವಿಳಾಸವನ್ನು ಹಿಡಿದು ಹೊರಟವನು ಊರಿಗೆ ಬರಲೇಬೇಕು. ಬಂದು, ಜಗಲಿಯ ಮೇಲೆ ಕುಳಿತವರನ್ನು ಕೇಳಲೇಬೇಕು. ಅವರು 'ಯಾವೂರಪ್ಪಾ, ಏಕೆ?' ಎಂದು ಕೇಳುತ್ತಾರೆ. ಅವನ ಮುಖ ನೋಡುತ್ತಾರೆ. ಮನಸ್ಸಿಗೆ ಬಂದರೆ ಒಬ್ಬ ಹುಡುಗನನ್ನು ಜೊತೆಗೆ ಕಳುಹಿಸುತ್ತಾರೆ, ಬಾರದಿದ್ದರೆ 'ಅಂಥಾದ್ದು ಇಲ್ಲಿಲ್ಲ' ಎಂದುಬಿಡುತ್ತಾರೆ. ನಾನು ಕೊಟ್ಟ ಅಂಕಿಗಳಿಗೆ ಯಾರನ್ನೂ ಕೇಳಬೇಕಾಗಿಲ್ಲ. ರಾತ್ರಿ ಒಂದು ಗಂಟೆಗೆ, ದೀಪವಿಲ್ಲದೆ, ಊರಿನ ನಾಯಿಗೂ ಗೊತ್ತಾಗದಂತೆ ಅವು ಕಲ್ಲಿನ ಮುಂದೆ ತಂದು ನಿಲ್ಲಿಸುತ್ತವೆ. ಎರಡೂ ವಿಳಾಸಗಳೇ, ಆದರೆ ಒಂದರಲ್ಲಿ ಊರಿನವರ ಒಪ್ಪಿಗೆ ಸೇರಿದೆ, ಇನ್ನೊಂದು ಅದನ್ನು ಬಿಟ್ಟು ಹಾರುತ್ತದೆ, ಮೊಬೈಲಿನ ಬಾಣ ರಾಗಿಹೊಲವನ್ನು ಬಿಟ್ಟು ಹಾರಿದ ಹಾಗೆ.

'ಯಾರಿಗೂ ತಿಳಿಯದ' ಎಂದು ನಾನು ಬರೆದುದೇ ಮೊದಲನೆಯ ತಪ್ಪು. ತಾತನಿಗೆ ತಿಳಿದಿತ್ತು. ಅವನ ತಂದೆಗೂ ತಿಳಿದಿತ್ತು. ಅದನ್ನು ಅವರು 'ಬಿಲ್ಲಪ್ಪ' ಎಂದು ಕರೆದು ಮಾರನವಮಿಗೆ ಎಣ್ಣೆ ಹಚ್ಚುತ್ತಿದ್ದರಂತೆ. ತಿಳಿಯದಿದ್ದವನು ನಾನೊಬ್ಬ.

ನಮ್ಮ ಕಾಲೇಜಿನಲ್ಲಿ ಚಾರಣ ಸಂಘದವರು ಈ ಡಬ್ಬಿಯಾಟವನ್ನು ಮುಂದಿನ ವರ್ಷ ಆರಂಭಿಸಬೇಕೆಂದು ಮಾತನಾಡುತ್ತಿದ್ದಾರೆ. ನಾನು ವಿರೋಧಿಯಲ್ಲ. ಕ್ಯಾಂಟೀನಿನಿಂದ ಬಸ್ ನಿಲ್ದಾಣದವರೆಗೆ ಮಾತ್ರ ನಡೆಯಬಲ್ಲ ನಮ್ಮನ್ನು ಗುಡ್ಡ ಹತ್ತಿಸುವ ಯಾವ ನೆಪವೂ ಒಳ್ಳೆಯದೇ. ಆದರೆ ವೀರಗಲ್ಲು, ಮಾಸ್ತಿಕಲ್ಲು, ಹಾಳುಗುಡಿಗಳ ನೂರು ಗಜದೊಳಗೆ ಡಬ್ಬಿ ಇಡಬಾರದು. ಇಡುವ ಮುನ್ನ ಪಂಚಾಯಿತಿಗೆ ಹೋಗಿ ಹೇಳಬೇಕು, ಅದು ಎಷ್ಟು ಬೇಸರದ ಕೆಲಸವಾದರೂ ಸರಿ. ಅಂಕಿಗಳು ಊರಿನ ಅರಳಿಕಟ್ಟೆಯವರೆಗೆ ಕರೆತಂದರೆ ಸಾಕು. ಅಲ್ಲಿಂದ ಮುಂದಿನ ಸುಳಿವು ಒಬ್ಬ ಮನುಷ್ಯನ ಬಾಯಲ್ಲಿರಲಿ. ಟೀ ಅಂಗಡಿಯವರನ್ನೋ, ಅಂಗನವಾಡಿಯ ಅಕ್ಕನನ್ನೋ, ಕುರಿ ಕಾಯುವವರನ್ನೋ ಕೇಳಿ ತಿಳಿಯಬೇಕು. ಆಟ ನಿಧಾನವಾಗುತ್ತದೆಂದು ಸಂಘದ ಕಾರ್ಯದರ್ಶಿಗಳು ಆಕ್ಷೇಪಿಸಿದ್ದಾರೆ. ಆಗಲಿ. ಸಾಧ್ಯವಿದ್ದವರು ನಾಯಿಯನ್ನೂ ಕರೆತರಲಿ. ನಾಯಿಯ ಜೊತೆ ಬಂದವನೊಡನೆ ಹಳ್ಳಿಯವರು ಬೇಗ ಮಾತಿಗೆ ಇಳಿಯುತ್ತಾರೆಂಬುದು ನನ್ನ ಅನುಭವ. ಮೊದಲು ನಾಯಿಯ ಕುಲಗೋತ್ರ ವಿಚಾರಿಸಿ ಆಮೇಲೆ ನಮ್ಮದನ್ನು ವಿಚಾರಿಸುತ್ತಾರೆ.

ತಾಣದಲ್ಲಿ ನಾನು ಬರೆದುದನ್ನು ಅಳಿಸಿದ್ದೇನೆ. ಹಂಚಿಹೋದ ಚಿತ್ರಗಳು ಎಲ್ಲೆಲ್ಲಿವೆಯೋ, ಅವನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ.

ಶಿವರಾತ್ರಿಯ ಮಾರನೆಯ ದಿನ, ಪಂಚಾಯಿತಿಯವರಿಗೆ ತಿಳಿಸಿ, ಮೇಷ್ಟರನ್ನೂ ಕರೆದುಕೊಂಡು, ಊರಿನ ಒಂಬತ್ತು ಜನ ಸೇರಿ ಹಾರೆ ಹಗ್ಗಗಳಿಂದ ಕಲ್ಲನ್ನು ಇದ್ದ ಜಾಗದಲ್ಲಿಯೇ ನೆಟ್ಟಗೆ ನಿಲ್ಲಿಸಿ ಗುಂಡಿ ಮುಚ್ಚಿದೆವು. ಮೇಷ್ಟರು ಅಳತೆ ತೆಗೆದುಕೊಂಡರು. ಕೆಂಚನನ್ನು ಆ ದಿನ ದೂರದ ಹೊಂಗೆಮರಕ್ಕೆ ಕಟ್ಟಿದ್ದೆ. ಕೆಲಸ ಮುಗಿದು ಮಜ್ಜಿಗೆ ಕುಡಿಯುತ್ತಿದ್ದಾಗ ತಾತ ನನ್ನನ್ನು ಹತ್ತಿರ ಕರೆದು, "ಆ ಡಬ್ಬೀಲಿ ಒಂದು ಬುಕ್ಕು ಐತಲ್ಲ, ಅದ್ರಾಗೆ ನನ್ ಹೆಸರೂ ಬರೀ" ಎಂದ.

ನಾನು ಬೆರಗಾಗಿ, ಡಬ್ಬಿ ಎಲ್ಲಿದೆಯೆಂದು ಅವನಿಗೆ ಗೊತ್ತೇ ಎಂದು ಕೇಳಿದೆ.

"ಅದ್ನ ಇಕ್ಕಿದ ದಿನವೇ ನೋಡಿವ್ನಿ. ಮಳೆ ನೀರು ಹೋಗ್ದಂಗೆ ಮೇಲೊಂದು ಕಲ್ಲಿಟ್ಟೋನೂ ನಾನೇಯ. ನೀನು ಡಬ್ಬಿಯೋನೋ, ಅಗಿಯೋನೋ ನೋಡಾನ ಅಂತ ಆವತ್ತು ಕುಂತ್ಕಂಡಿದ್ದೆ."

ಇಬ್ಬರೂ ಬಂಡೆಯ ಬಳಿಗೆ ಹೋದೆವು. ಪುಸ್ತಕದ ಮೊದಲನೆಯ ಪುಟದಲ್ಲಿ ಜಾಗವಿರಲಿಲ್ಲ. ಎಲ್ಲರ ಹೆಸರಿಗೂ ಮೇಲೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಅವನ ಹೆಸರು ಬರೆದೆ. ತಾರೀಖಿನ ಜಾಗದಲ್ಲಿ ಏನು ಬರೆಯಲೆಂದು ಕೇಳಿದ್ದಕ್ಕೆ, ಅದೆಲ್ಲ ಜ್ಞಾಪಕವಿಲ್ಲ, ಆವತ್ತು ಹುರುಳಿ ಬಿತ್ತುತ್ತಿದ್ದರು ಎಂದ. ಅದನ್ನೇ ಬರೆದೆ.